ಸಹಿ ಯಾರದು, ಹೊಣೆ ಯಾರದು?

ಚೆನ್ನೈನ ಹಳೆ ಮಹಾಬಲಿಪುರಂ ರಸ್ತೆಯಲ್ಲಿ ಓಡಾಡುವ ನಮ್ಮಂಥ ಐಟಿ ನೌಕರರಿಗೆ ಗಾಜಿನ ಕಟ್ಟಡಗಳು ದಿನನಿತ್ಯದ ನೋಟ. ಆಫೀಸ್ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುತ್ತೇವೆ. ಅವು ಎದ್ದು ನಿಲ್ಲಲು ಎಷ್ಟು ಇಲಾಖೆಗಳ ಅನುಮತಿ ಬೇಕಾಯಿತು, ಅದನ್ನು ಯಾರು ಹೇಗೆ ಪಡೆದರು ಎಂದು ಯೋಚಿಸುವುದಿಲ್ಲ. ಆದರೆ ಈ ನಗರದ ಒಂದು ಐಟಿ ಕ್ಯಾಂಪಸ್ಸಿನ ಕಟ್ಟಡ ಪರವಾನಗಿಯ ಕಥೆ ಅಮೆರಿಕದ ನ್ಯಾಯಾಲಯದವರೆಗೆ ಹೋಯಿತು. ಆರು ವರ್ಷ ಎಳೆದಾಡಿ 2025ರ ಏಪ್ರಿಲ್‌ನಲ್ಲಿ ವಿಚಾರಣೆಯೇ ನಡೆಯದೆ ಮುಗಿಯಿತು. ಪತ್ರಿಕೆಗಳಲ್ಲಿ ಅದು ಚಿಕ್ಕ ಸುದ್ದಿ. ಆದರೆ ಕಂಪನಿಯ ಹೆಸರಿನಲ್ಲಿ ದಿನವೂ ದುಡಿಯುವ ಎಲ್ಲರೂ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಅದರಲ್ಲಿದೆ: ಮೇಲಿನವರು ತೆಗೆದುಕೊಂಡ ನಿರ್ಧಾರ ಯಾವಾಗ ಕಂಪನಿಯ ನಿರ್ಧಾರವಾಗುತ್ತದೆ? ಅದು ತಪ್ಪು ನಿರ್ಧಾರವಾಗಿದ್ದರೆ ಹೊಣೆ ಹೊರುವವರು ಯಾರು?

ಕಥೆ ಹೀಗಿದೆ. ಕಾಗ್ನಿಜಂಟ್ 1994ರಲ್ಲಿ ಚೆನ್ನೈನಲ್ಲೇ ಹುಟ್ಟಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಹೋದ ಕಂಪನಿ. ಅದು ಇಲ್ಲಿ ಸುಮಾರು 27 ಲಕ್ಷ ಚದರ ಅಡಿಯ ದೊಡ್ಡ ಕ್ಯಾಂಪಸ್ ಕಟ್ಟಿಸುತ್ತಿತ್ತು. ಅಮೆರಿಕದ ನ್ಯಾಯ ಇಲಾಖೆಯ ಆರೋಪದ ಪ್ರಕಾರ, 2014ರಲ್ಲಿ ಕಟ್ಟಡ ಪರವಾನಗಿಗಾಗಿ ತಮಿಳುನಾಡಿನ ಸರ್ಕಾರಿ ಅಧಿಕಾರಿಯೊಬ್ಬರು ಸುಮಾರು 20 ಲಕ್ಷ ಡಾಲರ್ ಲಂಚ ಕೇಳಿದರು. ಆ ವರ್ಷದ ಏಪ್ರಿಲ್‌ನಲ್ಲಿ ವಿಡಿಯೊ ಕಾನ್ಫರೆನ್ಸ್ ಮೂಲಕ ಮಾತುಕತೆ ನಡೆಯಿತು. ಕಟ್ಟಡದ ಗುತ್ತಿಗೆದಾರರೇ ಹಣ ಕೊಡಲಿ, ಆಮೇಲೆ ಹೆಚ್ಚುವರಿ ಕಾಮಗಾರಿಯ ಸುಳ್ಳು ಬಿಲ್ಲುಗಳ ಹೆಸರಿನಲ್ಲಿ ಅವರಿಗೆ ಮರಳಿಸೋಣ ಎಂದು ತೀರ್ಮಾನವಾಯಿತು. ಈ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟವರೆಂದು 2019ರ ಫೆಬ್ರುವರಿಯಲ್ಲಿ ಆರೋಪಕ್ಕೆ ಗುರಿಯಾದವರು ಇಬ್ಬರು. ಒಬ್ಬರು ಕಂಪನಿಯ ಮಾಜಿ ಅಧ್ಯಕ್ಷ ಗೋರ್ಡನ್ ಕೋಬರ್ನ್, ಇನ್ನೊಬ್ಬರು ಮಾಜಿ ಮುಖ್ಯ ಕಾನೂನು ಅಧಿಕಾರಿ ಸ್ಟೀವನ್ ಶ್ವಾರ್ಟ್ಜ್. ಇಬ್ಬರೂ ಆರೋಪ ನಿರಾಕರಿಸಿದರು.

ಇದೇ ಕಂಪನಿ 2016ರಲ್ಲಿ ತಾನಾಗಿ ಮುಂದೆ ಬಂದು ವಿಷಯವನ್ನು ಅಮೆರಿಕದ ಅಧಿಕಾರಿಗಳಿಗೆ ತಿಳಿಸಿತ್ತು. ನಿರ್ದೇಶಕ ಮಂಡಳಿಗೆ ಸುಳಿವು ಸಿಕ್ಕ ಎರಡು ವಾರದೊಳಗೆ ಹೇಳಿಕೊಂಡಿತು, ತನಿಖೆಗೆ ಸಹಕರಿಸಿತು, ಸಂಬಂಧಪಟ್ಟವರನ್ನು ಕೆಲಸದಿಂದ ತೆಗೆಯಿತು. ಈ ಕಾರಣಗಳನ್ನು ಪಟ್ಟಿ ಮಾಡಿ ನ್ಯಾಯ ಇಲಾಖೆ ಕಂಪನಿಯ ಮೇಲೆ ಮೊಕದ್ದಮೆ ಹೂಡದಿರಲು ನಿರ್ಧರಿಸಿತು. ಷೇರುಪೇಟೆ ನಿಯಂತ್ರಕ ಸಂಸ್ಥೆಯ ಜೊತೆ ಕಂಪನಿ ಸುಮಾರು 2.5 ಕೋಟಿ ಡಾಲರ್ ಕಟ್ಟಿ, ತಪ್ಪನ್ನು ಒಪ್ಪದೆಯೂ ಅಲ್ಲಗಳೆಯದೆಯೂ ಇತ್ಯರ್ಥ ಮಾಡಿಕೊಂಡಿತು. ಮಾಜಿ ಮುಖ್ಯ ಕಾರ್ಯಾಚರಣಾಧಿಕಾರಿಯೊಬ್ಬರು 50,000 ಡಾಲರ್ ದಂಡ ಕಟ್ಟಿ ಪ್ರತ್ಯೇಕವಾಗಿ ರಾಜಿಯಾದರು. ಷೇರುದಾರರು ಹೂಡಿದ್ದ ದಾವೆ 2021ರಲ್ಲಿ 9.5 ಕೋಟಿ ಡಾಲರಿಗೆ ಬಗೆಹರಿಯಿತು. ಉಳಿದದ್ದು ಇಬ್ಬರು ವ್ಯಕ್ತಿಗಳ ಮೇಲಿನ ಕ್ರಿಮಿನಲ್ ಪ್ರಕರಣ. 2025ರ ಫೆಬ್ರುವರಿಯಲ್ಲಿ ಅಧ್ಯಕ್ಷ ಟ್ರಂಪ್ ವಿದೇಶಿ ಲಂಚ ತಡೆ ಕಾಯ್ದೆಯ ಜಾರಿಗೆ ತಡೆ ಹಾಕಿದರು. ಏಪ್ರಿಲ್‌ನಲ್ಲಿ ಸರ್ಕಾರವೇ ಪ್ರಕರಣ ಹಿಂಪಡೆಯಿತು, ನ್ಯಾಯಾಲಯ ಅದನ್ನು ವಜಾ ಮಾಡಿತು. ಆರೋಪ ಸಾಬೀತಾಗಲೂ ಇಲ್ಲ, ಸುಳ್ಳೆಂದು ತೀರ್ಮಾನವಾಗಲೂ ಇಲ್ಲ.

ಒಟ್ಟಿನಲ್ಲಿ ನಡೆದದ್ದೇನು? ದುಡ್ಡು ಕಟ್ಟಿದ್ದು ಕಂಪನಿ, ಎಂದರೆ ಕೊನೆಗೆ ಅದರ ಷೇರುದಾರರು. ನಿರ್ಧಾರ ಯಾರದು, ಅದರ ಹಿಂದಿನ ಉದ್ದೇಶ ಏನು ಎಂಬುದನ್ನು ಯಾವ ನ್ಯಾಯಾಧೀಶರೂ ಸಾಕ್ಷ್ಯ ನೋಡಿ ಹೇಳಲಿಲ್ಲ. ಆರೋಪಪಟ್ಟಿಯಲ್ಲಿ ಲಂಚ ಕೇಳಿದ ಅಧಿಕಾರಿಗೆ ಹೆಸರೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಇಲ್ಲಿ ಎತ್ತಿಗೆ ಜ್ವರ ಬಂದಿತ್ತೋ ಇಲ್ಲವೋ ಎಂದು ಮುಟ್ಟಿ ನೋಡುವ ಮೊದಲೇ ಎಮ್ಮೆಗೆ ಬರೆ ಬಿದ್ದಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಲಂಚದ ಮೊತ್ತವಲ್ಲ. ಅಮೆರಿಕದ ನ್ಯಾಯ ಇಲಾಖೆಯ ಪತ್ರ ಹೇಳುವ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಯು ತನ್ನ ಉದ್ಯೋಗಿಗಳ ಮೂಲಕ ಲಂಚಕ್ಕೆ ಒಪ್ಪಿಗೆ ಕೊಟ್ಟಿತು ಎಂಬುದು ಒಂದು. ಕಂಪನಿಯು ತಾನಾಗಿ ಬಂದು ಸತ್ಯ ಹೇಳಿತು ಎಂಬುದು ಇನ್ನೊಂದು. 2014ರಲ್ಲಿ ತಪ್ಪು ಮಾಡಿದ್ದೂ ಅದೇ ಕಂಪನಿ, 2016ರಲ್ಲಿ ಬಾಯಿಬಿಟ್ಟಿದ್ದೂ ಅದೇ ಕಂಪನಿ. ಹಾಗಾದರೆ ಯಾವುದು ಅದರ ನಿಜವಾದ ಮನಸ್ಸು? ಅಧ್ಯಕ್ಷರದ್ದೋ, ನಿರ್ದೇಶಕ ಮಂಡಳಿಯದ್ದೋ?

ಕಂಪನಿಗೆ ಕೈಕಾಲಿಲ್ಲ, ಮಿದುಳಿಲ್ಲ. ಆದರೂ ಕಾನೂನಿನ ಕಣ್ಣಿಗೆ ಅದೊಬ್ಬ ವ್ಯಕ್ತಿ. ಇದು ನಮಗೆ ಹೊಸದೇನಲ್ಲ. ನಮ್ಮೂರುಗಳಲ್ಲಿ ದೇವರ ಹೆಸರಿನಲ್ಲಿ ಪಹಣಿ ಇರುತ್ತದೆ. ದೇವರು ಜಮೀನಿನ ಒಡೆಯ, ದೇವರೇ ಕೋರ್ಟಿನಲ್ಲಿ ವಾದಿ. ಆದರೆ ಗೇಣಿ ಚೀಟಿಗೆ ಸಹಿ ಹಾಕುವವರು ಮೊಕ್ತೇಸರರು. ಅವರು ದೇವಸ್ಥಾನದ ಪರವಾಗಿ ಒಪ್ಪಂದ ಮಾಡಿಕೊಂಡರೆ ಅದು ದೇವಸ್ಥಾನವನ್ನು ಕಟ್ಟಿಹಾಕುತ್ತದೆ. ಅವರೇ ಹುಂಡಿಗೆ ಕೈ ಹಾಕಿದರೆ ದೇವರು ಕದ್ದ ಎಂದು ಯಾರೂ ಹೇಳುವುದಿಲ್ಲ. ಯಾವ ಕೆಲಸ ದೇವಸ್ಥಾನಕ್ಕಾಗಿ, ಯಾವ ಕೆಲಸ ಸ್ವಂತಕ್ಕಾಗಿ ಎಂಬ ವ್ಯತ್ಯಾಸ ಊರಿನವರಿಗೆ ಚೆನ್ನಾಗಿ ಗೊತ್ತು. ಕಂಪನಿ ಕಾನೂನು ನೂರು ವರ್ಷಗಳಿಂದ ಹುಡುಕುತ್ತಿರುವುದೂ ಇದೇ ವ್ಯತ್ಯಾಸವನ್ನು. ಕರಾರು ಮುರಿದರೆ, ಸಾಲ ಕಟ್ಟದಿದ್ದರೆ ಕಂಪನಿಯಿಂದ ವಸೂಲಿ ಮಾಡುವುದು ಸುಲಭ. ತೊಡಕು ಬರುವುದು ವಂಚನೆ, ಲಂಚದಂಥ ಅಪರಾಧಗಳಲ್ಲಿ. ಅಲ್ಲಿ ದುರುದ್ದೇಶ ಸಾಬೀತಾಗಬೇಕು. ಮನಸ್ಸೇ ಇಲ್ಲದ ಕಂಪನಿಗೆ ದುರುದ್ದೇಶ ಎಲ್ಲಿಂದ ಬರಬೇಕು? ಯಾರದ್ದೋ ಮನಸ್ಸನ್ನು ಎರವಲು ತರಬೇಕು. ಯಾರದ್ದು ಎಂಬುದೇ ಪ್ರಶ್ನೆ.

ಇಂಗ್ಲೆಂಡಿನ ನ್ಯಾಯಾಲಯ 1915ರಲ್ಲಿ ಒಂದು ಹಡಗು ಕಂಪನಿಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕಂಪನಿಯನ್ನು ನಡೆಸುವ ಬುದ್ಧಿ, ಸಂಕಲ್ಪ ಯಾರದ್ದೋ ಅವರ ಮನಸ್ಸೇ ಕಂಪನಿಯ ಮನಸ್ಸು ಎಂದಿತು. ಕೇಳಲು ಸರಿಯಾಗಿದೆ. ಆದರೆ ಇದರಿಂದ ಸಿಕ್ಕಿಬೀಳುವುದು ಸಣ್ಣ ಕಂಪನಿಗಳು ಮಾತ್ರ. ಅಲ್ಲಿ ಮಾಲೀಕನೇ ಮ್ಯಾನೇಜರ್, ಅವನೇ ಕ್ಯಾಶಿಯರ್. ದೊಡ್ಡ ಕಂಪನಿಯಲ್ಲಿ ಮೇಲಿನವರಿಗೆ ಕೆಳಗೆ ನಡೆದದ್ದು ಗೊತ್ತಿರುವುದಿಲ್ಲ, ಅಥವಾ ಗೊತ್ತಿರಲಿಲ್ಲ ಎಂದು ಹೇಳಬಹುದು. 1971ರಲ್ಲಿ ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಕಂಪನಿಯ ಅಂಗಡಿಯೊಂದು ಬಟ್ಟೆ ಒಗೆಯುವ ಪುಡಿಗೆ ರಿಯಾಯಿತಿ ದರದ ಫಲಕ ಹಾಕಿ ಪೂರ್ತಿ ದರ ವಸೂಲಿ ಮಾಡಿದ ಪ್ರಕರಣ ಬಂತು. ಅಂಗಡಿಯ ಮ್ಯಾನೇಜರ್ ಕಂಪನಿಯ ಮನಸ್ಸಲ್ಲ, ಅವನು ಬೇರೆ ವ್ಯಕ್ತಿ ಎಂದು ಕಂಪನಿ ಪಾರಾಯಿತು.

ಸೋಪಿನ ಪುಡಿಯ ಮಟ್ಟಿಗೆ ಇದನ್ನು ನಕ್ಕು ಬಿಡಬಹುದು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ ಬಂದರಿನ ಹೊರಗೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಮಗುಚಿ 193 ಜನ ಸತ್ತದ್ದನ್ನು ಹಾಗೆ ಬಿಡಲಾಗದು. ಹಡಗು ಮುಂಬಾಗಿಲು ಹಾಕದೆಯೇ ಹೊರಟಿತ್ತು. ಬಾಗಿಲು ಹಾಕಬೇಕಿದ್ದ ಕೆಳಹಂತದ ನೌಕರ ನಿದ್ದೆ ಹೋಗಿದ್ದ. ಬಾಗಿಲು ಹಾಕಿದೆಯೇ ಎಂದು ಹಡಗು ನಡೆಸುವವರಿಗೆ ತಿಳಿಯುವ ವ್ಯವಸ್ಥೆಯೇ ಇರಲಿಲ್ಲ. ತಪ್ಪು ಮೇಲಿನಿಂದ ಕೆಳಗಿನವರೆಗೆ ಕಂಪನಿಯ ತುಂಬ ಹರಡಿತ್ತೆಂದು ತನಿಖಾ ವರದಿ ಹೇಳಿತು. ಆದರೂ 1990ರಲ್ಲಿ ಕಂಪನಿಯ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಕಂಪನಿಯ ಮನಸ್ಸು ಎನ್ನಬಹುದಾದ ಯಾವೊಬ್ಬ ಹಿರಿಯ ಅಧಿಕಾರಿಯ ಮೇಲೂ ಪೂರ್ತಿ ಅಪರಾಧ ಹೊರಿಸಲು ಸಾಧ್ಯವಾಗಲಿಲ್ಲ. ಹತ್ತು ಜನರ ನಡುವೆ ಹಂಚಿಹೋದ ತಪ್ಪು ಯಾರ ತಪ್ಪೂ ಆಗಲಿಲ್ಲ. ಇಂಥ ಸಾವುಗಳಿಗೆ ಕಂಪನಿಯನ್ನೇ ಹೊಣೆ ಮಾಡುವ ಕಾನೂನು ಬ್ರಿಟನ್ನಿನಲ್ಲಿ ಬರಲು 2007 ಆಗಬೇಕಾಯಿತು.

ಅಮೆರಿಕ 1909ರಷ್ಟು ಹಿಂದೆಯೇ ಬೇರೆ ದಾರಿ ಹಿಡಿದಿತ್ತು. ಯಾವ ಹಂತದ ನೌಕರನಾದರೂ ಸರಿ, ತನ್ನ ಕೆಲಸದ ವ್ಯಾಪ್ತಿಯಲ್ಲಿ, ಕಂಪನಿಗೆ ಲಾಭವಾಗಲೆಂದು ಅಪರಾಧ ಮಾಡಿದರೆ ಅದು ಕಂಪನಿಯ ಅಪರಾಧ. ಚೆನ್ನೈ ಕ್ಯಾಂಪಸ್ಸಿನ ಪ್ರಕರಣದಲ್ಲಿ ಕಂಪನಿ ಬೇಗನೆ ತಾನಾಗಿ ಹೇಳಿಕೊಂಡದ್ದರ ಹಿಂದೆ ಈ ಕಟ್ಟುನಿಟ್ಟಿನ ನಿಯಮದ ಭಯವೂ ಇದ್ದಿರಬಹುದು. ಮೊಕದ್ದಮೆ ಹೂಡಿದರೆ ‘ಅದು ನಾನಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗ ಕಡಿಮೆ.

ಈ ಎರಡರ ನಡುವಿನ ದಾರಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1995ರಲ್ಲಿ ತೋರಿಸಿತು. ಮೆರಿಡಿಯನ್ ಎಂಬ ಹೂಡಿಕೆ ಕಂಪನಿಯ ಇಬ್ಬರು ಮ್ಯಾನೇಜರುಗಳು ನಿರ್ದೇಶಕ ಮಂಡಳಿಗೆ ತಿಳಿಸದೆ ನ್ಯೂಜಿಲೆಂಡಿನ ಕಂಪನಿಯೊಂದರ ದೊಡ್ಡ ಪಾಲು ಷೇರು ಕೊಂಡಿದ್ದರು. ಕಾನೂನಿನ ಪ್ರಕಾರ ಆ ಖರೀದಿಯನ್ನು ಕೂಡಲೇ ಬಹಿರಂಗಪಡಿಸಬೇಕಿತ್ತು. ನಮಗೆ ಗೊತ್ತೇ ಇರಲಿಲ್ಲ ಎಂದಿತು ಕಂಪನಿ. ಈ ಕೆಲಸಕ್ಕೆ ಅಧಿಕಾರ ಕೊಟ್ಟು ಕೂರಿಸಿದ್ದು ಆ ಮ್ಯಾನೇಜರುಗಳನ್ನೇ, ಆದ್ದರಿಂದ ಅವರಿಗೆ ಗೊತ್ತಿದ್ದದ್ದು ಕಂಪನಿಗೂ ಗೊತ್ತಿದ್ದಂತೆ ಎಂದಿತು ನ್ಯಾಯಪೀಠ. ಎಲ್ಲ ಕಾನೂನುಗಳಿಗೂ ಒಂದೇ ಅಳತೆಗೋಲು ಬೇಡ, ಆಯಾ ಕಾನೂನಿನ ಉದ್ದೇಶ ಈಡೇರಬೇಕಾದರೆ ಯಾರ ಅರಿವನ್ನು ಕಂಪನಿಯ ಅರಿವೆಂದು ಎಣಿಸಬೇಕು ಎಂದು ಕೇಳಿ ಎಂಬುದು ಅದರ ಸಾರ. ನನಗೆ ತಿಳಿದಂತೆ ಇದಕ್ಕಿಂತ ಸರಳವಾಗಿ, ನ್ಯಾಯವಾಗಿ ಈ ಮಾತನ್ನು ಬೇರೆ ಯಾರೂ ಹೇಳಿಲ್ಲ.

ನಮ್ಮ ದೇಶದ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಬೆಂಗಳೂರಿನ ಆದಾಯ ತೆರಿಗೆ ಅಧಿಕಾರಿಗಳಿಗೂ ವೆಲ್ಲಿಯಪ್ಪ ಟೆಕ್ಸ್‌ಟೈಲ್ಸ್ ಎಂಬ ಕಂಪನಿಗೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2003ರಲ್ಲಿ ತೀರ್ಪಾಯಿತು. ಜೈಲು ಶಿಕ್ಷೆ ಕಡ್ಡಾಯವಾಗಿರುವ ಅಪರಾಧಕ್ಕೆ ಕಂಪನಿಯ ಮೇಲೆ ಮೊಕದ್ದಮೆ ಹೂಡಲಾಗದು, ಏಕೆಂದರೆ ಕಂಪನಿಯನ್ನು ಜೈಲಿಗೆ ಹಾಕಲಾಗದು ಎಂದು ಬಹುಮತದ ತೀರ್ಪು ಹೇಳಿತು. ಅಪರಾಧ ದೊಡ್ಡದಾದಷ್ಟೂ ಕಂಪನಿ ಸುರಕ್ಷಿತ ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಯಿತು. 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮೂರಕ್ಕೆ ಎರಡರ ಬಹುಮತದಿಂದ ಇದನ್ನು ತಿದ್ದಿತು. ಜೈಲಿಗೆ ಹಾಕಲಾಗದಿದ್ದರೆ ದಂಡ ಹಾಕಿ, ಅಪರಾಧದಿಂದಲೇ ಬಿಡುಗಡೆ ಬೇಡ ಎಂದಿತು. 2010ರ ಅಕ್ಟೋಬರ್‌ನಲ್ಲಿ ಇರಿಡಿಯಂ ಮತ್ತು ಮೊಟೊರೊಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಂಚನೆಯಂಥ, ದುರುದ್ದೇಶ ಬೇಕಾದ ಅಪರಾಧಕ್ಕೂ ಕಂಪನಿಯನ್ನು ವಿಚಾರಣೆಗೆ ಗುರಿಪಡಿಸಬಹುದು, ಅದನ್ನು ನಿಯಂತ್ರಿಸುವವರ ಉದ್ದೇಶವೇ ಅದರ ಉದ್ದೇಶ ಎಂದಿತು.

ಅಲ್ಲಿಗೆ ಮನಸ್ಸು ಮೇಲಿನವರಿಂದ ಕಂಪನಿಗೆ ಹರಿಯುವ ದಾರಿ ತೆರೆಯಿತು. ಉಲ್ಟಾ ಹರಿಯಬಹುದೇ? ಕಂಪನಿ ತಪ್ಪು ಮಾಡಿದೆ, ಆದ್ದರಿಂದ ಅದರ ಮುಖ್ಯಸ್ಥರೂ ತಪ್ಪು ಮಾಡಿರಲೇಬೇಕು ಎನ್ನಬಹುದೇ? ತರಂಗಾಂತರ ಹಂಚಿಕೆಯ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಹಾಗೆ ಎಣಿಸಿ ಸುನಿಲ್ ಭಾರ್ತಿ ಮಿತ್ತಲ್ ಅವರಿಗೆ ಸಮನ್ಸ್ ಕೊಟ್ಟಿತ್ತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಒಬ್ಬ ವ್ಯಕ್ತಿಯನ್ನು ಆರೋಪಿ ಮಾಡಬೇಕಾದರೆ ಅವನ ಪಾತ್ರಕ್ಕೂ ದುರುದ್ದೇಶಕ್ಕೂ ಸಾಕ್ಷ್ಯ ಬೇಕು, ಇಲ್ಲವೇ ಆ ಹುದ್ದೆಯಲ್ಲಿರುವವರು ಹೊಣೆ ಎಂದು ಕಾನೂನೇ ಬಿಡಿಸಿ ಹೇಳಿರಬೇಕು. ಕುರ್ಚಿಯ ಮೇಲೆ ಕೂತಿದ್ದಾರೆ ಎಂಬುದಷ್ಟೇ ಸಾಲದು. ಈ ಮಾತು ಸರಿ. ಆದರೆ ಇದು ದೊಡ್ಡ ಉದ್ಯಮಿಗಳಿಗೆ ಮಾತ್ರ ಸಿಗುವ ರಕ್ಷಣೆಯಾಗಬಾರದು.

ಏಕೆ ಹೀಗೆ ಹೇಳುತ್ತೇನೆಂದರೆ, 2025ರ ಜೂನ್ 4 ನಮ್ಮೆಲ್ಲರ ನೆನಪಿನಲ್ಲಿದೆ. ಆರ್‌ಸಿಬಿ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಂದು ಬೆಳಗ್ಗೆ ತಂಡದ ಸಾಮಾಜಿಕ ಜಾಲತಾಣದ ಖಾತೆಯಿಂದ ಅಭಿಮಾನಿಗಳಿಗೆ ಆಹ್ವಾನ ಹೋಗಿತ್ತು. ಜೂನ್ 6ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದವರು ತಂಡದ ಮಾರ್ಕೆಟಿಂಗ್ ಮುಖ್ಯಸ್ಥರು. ಜೂನ್ 12ರಂದು ಹೈಕೋರ್ಟ್ ಮಧ್ಯಂತರ ಬಿಡುಗಡೆಗೆ ಆದೇಶಿಸಿತು. ಯಾರ ತಪ್ಪು ಎಷ್ಟು ಎಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಮೆರವಣಿಗೆ, ಸಂಭ್ರಮಾಚರಣೆ ಅದೇ ದಿನ ನಡೆಯಬೇಕು ಎಂಬ ನಿರ್ಧಾರ ಯಾವ ಕೋಣೆಯಲ್ಲಿ, ಯಾರ ಒಪ್ಪಿಗೆಯಿಂದ ಆಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಒಂದು ಮುಖ ಬೇಕಾಗಿತ್ತು. ಕಂಪನಿಗೆ ಮುಖವಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದ ಮುಖವನ್ನು ಹಿಡಿಯುವುದು ನಮ್ಮ ಪೊಲೀಸರ ರೂಢಿ, ಹಿಡಿದ ಕೂಡಲೇ ಸಮಾಧಾನಪಡುವುದು ನಮ್ಮ ರೂಢಿ.

ಕಂಪನಿಗಳ ಒಳಗೂ ಇದೇ ರೂಢಿಯಿದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ಒಂದು ಶುಕ್ರವಾರ ಸಂಜೆ ಹೊಸ ಆವೃತ್ತಿಯನ್ನು ಗ್ರಾಹಕರಿಗೆ ಬಿಡಬೇಕಿತ್ತು. ಪರೀಕ್ಷೆ ಅರ್ಧ ಬಾಕಿಯಿತ್ತು. ಮ್ಯಾನೇಜರ್ ಫೋನಿನಲ್ಲಿ, ‘ಗಡುವು ಇವತ್ತೇ, ಬಿಟ್ಟುಬಿಡಿ, ಏನಿದ್ದರೂ ಸೋಮವಾರ ನೋಡೋಣ’ ಎಂದರು. ಮೇಲ್ ಬರೆಯಲಿಲ್ಲ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರದ ಹುಡುಗಿ ಬಟನ್ ಒತ್ತಿದಳು. ಶನಿವಾರ ಬೆಳಗ್ಗೆ ಗ್ರಾಹಕರ ಗ್ರಾಹಕರಿಗೆಲ್ಲ ಎರಡೆರಡು ಬಿಲ್ಲು ಹೋಗಿದ್ದವು. ಮುಂದಿನ ವಾರ ಬಂದ ವರದಿಯಲ್ಲಿ ಕಾರಣ ಎಂಬಲ್ಲಿ ಎರಡೇ ಶಬ್ದ ಇದ್ದವು: ಮಾನವ ದೋಷ. ಜೊತೆಗೆ ಆ ಹುಡುಗಿಯ ಲಾಗಿನ್ ಹೆಸರು, ಬಟನ್ ಒತ್ತಿದ ಸಮಯ. ಆ ವರ್ಷ ಅವಳಿಗೆ ಸಂಬಳ ಏರಲಿಲ್ಲ. ಫೋನಿನ ಮಾತು ಕೇಳಿಸಿಕೊಂಡವರು ನಾಲ್ವರಿದ್ದೆವು. ಸಭೆಯಲ್ಲಿ ನಾನೂ ಸುಮ್ಮನೆ ಕೂತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆ ಎಲ್ಲರಿಗೂ ಗೊತ್ತು. ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಮೇಕೆಯ ಬಾಯಿಗೆ ಅಂಟಿದ ಅಗುಳು ಶಾಶ್ವತ ದಾಖಲೆಯಾಗಿ ಉಳಿಯುತ್ತದೆ. ಯಾರು ಬಟನ್ ಒತ್ತಿದರು ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ಒತ್ತು ಎಂದವರು ಯಾರು ಎಂಬುದು ಗಾಳಿಯಲ್ಲಿ ಹೋಗುತ್ತದೆ. ಲಾಭ ಬಂದಾಗ ಅದು ನಾಯಕತ್ವದ ನಿರ್ಧಾರ, ನಷ್ಟವಾದಾಗ ನೌಕರನ ದೋಷ. ಝೀಬ್ರುಗ್‌ನಲ್ಲಿ ನಿದ್ದೆ ಹೋದ ನೌಕರನಿಗೂ ನಮ್ಮ ತಂಡದ ಹುಡುಗಿಗೂ ದೂರ ಬಹಳವಿಲ್ಲ.

ಕಂಪನಿಯನ್ನು ಹೊಣೆ ಮಾಡುವುದರ ವಿರುದ್ಧ ಒಂದು ಗಟ್ಟಿ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕಂಪನಿಗೆ ಪೆಟ್ಟು ಬಿದ್ದರೆ ಏನೂ ಅರಿಯದ ನೌಕರರಿಗೆ, ಸಣ್ಣ ಷೇರುದಾರರಿಗೆ ಪೆಟ್ಟು ಬೀಳುತ್ತದೆ. ಎನ್ರಾನ್ ಹಗರಣದ ಬೆನ್ನಿಗೆ ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಗೆ 2002ರಲ್ಲಿ ಶಿಕ್ಷೆಯಾಯಿತು, ಸಂಸ್ಥೆಯೇ ಕುಸಿಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡುವ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಚೆನ್ನೈ ಪ್ರಕರಣದಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡದೆ ಬಿಟ್ಟದ್ದನ್ನು ನಾನೂ ತಪ್ಪೆನ್ನಲಾರೆ. ಈ ರಸ್ತೆಯಲ್ಲಿ ನನ್ನ ಜೊತೆ ಬಸ್ಸು ಹತ್ತುವ ಎಷ್ಟೋ ಜನರ ಮನೆ ಸಾಲ ಅಂಥ ಕಂಪನಿಗಳ ಸಂಬಳದಿಂದಲೇ ತೀರುತ್ತಿದೆ.

ಆದರೆ ಆ ವಿನಾಯಿತಿಗೆ ಒಂದು ಆಧಾರವಿತ್ತು. ಕಂಪನಿಯನ್ನು ಬಿಡುತ್ತೇವೆ, ತಪ್ಪಿತಸ್ಥರೆನ್ನಲಾದ ವ್ಯಕ್ತಿಗಳನ್ನು ಗುರುತಿಸಿ ವಿಚಾರಣೆಗೆ ತರುತ್ತೇವೆ ಎಂಬುದೇ ಆ ಆಧಾರ. ಆಮೇಲೆ ವ್ಯಕ್ತಿಗಳ ಪ್ರಕರಣವನ್ನೂ ಕೈಬಿಟ್ಟರೆ ಉಳಿಯುವುದು ಏನು? ಆ ಇಬ್ಬರಿಗೂ ಅನ್ಯಾಯವೇ ಆಯಿತು. ನಿರಪರಾಧಿಗಳಾಗಿದ್ದರೆ ಅದನ್ನು ನ್ಯಾಯಾಲಯದ ಬಾಯಿಂದ ಕೇಳುವ ಅವಕಾಶ ಅವರಿಗೆ ಸಿಗಲಿಲ್ಲ. ತಪ್ಪು ನಡೆದಿದ್ದರೆ ಈ ಊರಿನ ಜನರಿಗೆ ಅದನ್ನು ತಿಳಿಯುವ ಅವಕಾಶ ಸಿಗಲಿಲ್ಲ. ಲಂಚ ಕೇಳಿದ್ದು ಇಲ್ಲಿಯ ಕಚೇರಿಯಲ್ಲಿ ಎಂಬುದು ಆರೋಪ, ಕಟ್ಟಡ ಇರುವುದು ಇಲ್ಲಿ, ಆದರೆ ವಿಚಾರಣೆ ನಡೆಯಬೇಕೋ ಬೇಡವೋ ಎಂದು ತೀರ್ಮಾನವಾದದ್ದು ವಾಷಿಂಗ್ಟನ್ನಿನಲ್ಲಿ. ನಮ್ಮ ನೆಲದ ಲಂಚಕ್ಕೆ ಬೇರೆ ದೇಶದ ಕಾನೂನನ್ನು ನಂಬಿ ಕೂತರೆ ಆಗುವುದು ಇಷ್ಟೇ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? 2018ರ ಜುಲೈ 26ರಿಂದ ಜಾರಿಗೆ ಬಂದ ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. ಅದರ 9ನೇ ಸೆಕ್ಷನ್ ಪ್ರಕಾರ ಕಂಪನಿಯೊಂದಿಗೆ ಸಂಬಂಧ ಇರುವ ಯಾರೇ ಆದರೂ, ನೌಕರನಿರಲಿ, ಏಜೆಂಟ್ ಇರಲಿ, ಅಂಗಸಂಸ್ಥೆಯಿರಲಿ, ಕಂಪನಿಯ ಲಾಭಕ್ಕಾಗಿ ಸರ್ಕಾರಿ ನೌಕರನಿಗೆ ಲಂಚ ಕೊಟ್ಟರೆ ಕಂಪನಿಗೆ ದಂಡ. ಹಣ ಕೊಟ್ಟವರು ಗುತ್ತಿಗೆದಾರರು, ನಾವಲ್ಲ ಎಂಬ ಮಾತು ಅಷ್ಟು ಸುಲಭವಾಗಿ ನಡೆಯದು. ಇಂಥದ್ದು ನಡೆಯದಂತೆ ಸಾಕಷ್ಟು ಏರ್ಪಾಟು ಮಾಡಿದ್ದೆವು ಎಂದು ತೋರಿಸಿದರೆ ಮಾತ್ರ ಕಂಪನಿಗೆ ಬಿಡುಗಡೆ. ನಿರ್ದೇಶಕರು, ಅಧಿಕಾರಿಗಳು ಸಮ್ಮತಿಸಿದ್ದರೆ ಅಥವಾ ಶಾಮೀಲಾಗಿದ್ದರೆ 10ನೇ ಸೆಕ್ಷನ್ ಅವರಿಗೆ ಮೂರರಿಂದ ಏಳು ವರ್ಷದ ಜೈಲು ಶಿಕ್ಷೆ ಹೇಳುತ್ತದೆ. 2014ರ ಘಟನೆಗೆ ಇದು ಅನ್ವಯವಾಗದು, ಮುಂದಿನವುಗಳಿಗೆ ಆಗುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಕಂಪನಿಯ ಹೊಣೆ ವ್ಯಕ್ತಿಯನ್ನು ಮರೆಮಾಡುವುದಿಲ್ಲ, ವ್ಯಕ್ತಿಯ ಹೊಣೆ ಕಂಪನಿಯನ್ನು ಮರೆಮಾಡುವುದಿಲ್ಲ.

ಆದರೆ ಇದು ಲಂಚಕ್ಕೆ ಮಾತ್ರ. ವಂಚನೆ, ನಿರ್ಲಕ್ಷ್ಯದ ಸಾವು, ಮಾಹಿತಿ ಸೋರಿಕೆ ಮೊದಲಾದವುಗಳಲ್ಲಿ ಕಂಪನಿಯ ಮನಸ್ಸನ್ನು ಹುಡುಕಲು ನಾವು ಇನ್ನೂ ಹೆಚ್ಚಾಗಿ ತೀರ್ಪುಗಳನ್ನೇ ನಂಬಬೇಕಾಗಿದೆ. ಟೆಸ್ಕೊ ತೀರ್ಪಿನ ಊರಾದ ಬ್ರಿಟನ್ನೇ ಈಗ ದಾರಿ ಬದಲಿಸಿದೆ. ಅಲ್ಲಿ 2023ರಲ್ಲಿ ಬಂದ ಕಾನೂನಿನ ಪ್ರಕಾರ ಹಿರಿಯ ಮ್ಯಾನೇಜರ್ ತನ್ನ ಅಧಿಕಾರ ವ್ಯಾಪ್ತಿಯಲ್ಲಿ ಆರ್ಥಿಕ ಅಪರಾಧ ಎಸಗಿದರೆ ಅದು ಕಂಪನಿಯ ಅಪರಾಧವೂ ಹೌದು. ಹಿರಿಯ ಮ್ಯಾನೇಜರ್ ಎಂದರೆ ಯಾರು ಎಂಬುದನ್ನು ಹುದ್ದೆಯ ಹೆಸರು ನೋಡಿ ತೀರ್ಮಾನಿಸುವುದಿಲ್ಲ, ಕಂಪನಿಯ ದೊಡ್ಡ ಭಾಗದ ನಿರ್ಧಾರಗಳಲ್ಲಿ ಅವರ ಪಾತ್ರ ನೋಡಿ ತೀರ್ಮಾನಿಸುತ್ತಾರೆ. ಉಪಾಧ್ಯಕ್ಷರೆಂಬ ಬಿರುದು ಇಪ್ಪತ್ತು ಜನರಿಗೆ ಹಂಚುವ ನಮ್ಮ ಐಟಿ ಕಂಪನಿಗಳಿಗೆ ಇದು ಬಹಳ ಸರಿಯಾದ ಅಳತೆ. ನಮ್ಮಲ್ಲೂ ಇಂಥ ಸ್ಪಷ್ಟ ನಿಯಮ ಬರಬೇಕು.

ಇದರ ಜೊತೆಗೆ ಎರಡು ವಿಷಯ ಸೇರಬೇಕು. ಒಂದು, ನಿರ್ಧಾರದ ದಾಖಲೆ. ನಮ್ಮ 2013ರ ಕಂಪನಿ ಕಾಯ್ದೆಯೇ ಸ್ವತಂತ್ರ ನಿರ್ದೇಶಕರ ಹೊಣೆಯನ್ನು ಅಳೆಯುವಾಗ ಮಂಡಳಿಯ ಕಲಾಪದ ಮೂಲಕ ಅವರ ಅರಿವಿಗೆ ಬಂದದ್ದೇನು, ಅವರು ಒಪ್ಪಿದ್ದೇನು, ಎಲ್ಲಿ ಎಚ್ಚರ ತಪ್ಪಿದರು ಎಂದು ಕೇಳುತ್ತದೆ. ಮೇಲಿನವರ ರಕ್ಷಣೆಗೆ ದಾಖಲೆ ಬೇಕು ಎನ್ನುವ ಕಾನೂನು ಕೆಳಗಿನವರ ರಕ್ಷಣೆಗೂ ಅದನ್ನೇ ಕೇಳಲಿ. ಸುರಕ್ಷತೆ, ಜನರ ಹಣ, ಸರ್ಕಾರಿ ಅನುಮತಿ ಇವುಗಳಿಗೆ ಸಂಬಂಧಿಸಿದ ಆದೇಶ ಬಾಯಿಮಾತಿನಲ್ಲಿ ಬಂದರೆ, ಆ ಆದೇಶವನ್ನು ಬರಹದಲ್ಲಿ ಕೇಳುವ ಹಕ್ಕು ನೌಕರನಿಗೆ ಇರಲಿ. ಕೇಳಿದ್ದಕ್ಕೆ ಶಿಕ್ಷೆ ಕೊಟ್ಟರೆ ಅದೇ ಕಂಪನಿಯ ವಿರುದ್ಧ ಸಾಕ್ಷ್ಯವಾಗಲಿ. ಎರಡು, ಕಂಪನಿಗೆ ವಿನಾಯಿತಿ ಕೊಡುವಾಗ ಕಾರಣವನ್ನು ಬಹಿರಂಗವಾಗಿ ಬರೆಯಬೇಕು. ನಿರ್ಧಾರ ತೆಗೆದುಕೊಂಡವರ ವಿಚಾರಣೆ ಮುಗಿಯುವವರೆಗೆ ಆ ವಿನಾಯಿತಿ ಪೂರ್ತಿಯಾಗಬಾರದು.

ಕಂಪನಿಯ ನಿಜವಾದ ಮನಸ್ಸು ಯಾವುದು ಎಂದು ಮೊದಲಿಗೆ ಕೇಳಿದ್ದೆ. ನನ್ನ ಉತ್ತರ ಇದು: ಆಯಾ ನಿರ್ಧಾರ ತೆಗೆದುಕೊಳ್ಳಲು ಕಂಪನಿ ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರ ಮನಸ್ಸೇ ಆ ನಿರ್ಧಾರದ ಮಟ್ಟಿಗೆ ಕಂಪನಿಯ ಮನಸ್ಸು. ಆಮೇಲೆ ಮಂಡಳಿ ಪಟ್ಟ ಪಶ್ಚಾತ್ತಾಪ ದಂಡವನ್ನು ಇಳಿಸಬಹುದು, ನಡೆದದ್ದನ್ನು ನಡೆಯಲಿಲ್ಲ ಎನ್ನಿಸಲಾಗದು. ಅಧಿಕಾರ ಇಲ್ಲದವರು, ಬರೀ ಬಟನ್ ಒತ್ತಿದವರು ಕಂಪನಿಯ ಕೈ ಮಾತ್ರ. ಕೈಗೆ ಬರೆ ಎಳೆದು ಮನಸ್ಸನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಆ ಶುಕ್ರವಾರದ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫೋನಿನಲ್ಲಿ ಆದೇಶ ಬಂದರೆ ಐದು ನಿಮಿಷದೊಳಗೆ, ‘ಈಗ ನೀವು ಹೇಳಿದಂತೆ ಮಾಡುತ್ತಿದ್ದೇನೆ’ ಎಂದು ಒಂದು ಸಾಲಿನ ಮೇಲ್ ಕಳಿಸುತ್ತೇನೆ. ಕೆಲವು ಸಲ ಆ ಮೇಲ್ ಹೋದ ಕೂಡಲೇ ಆದೇಶವೇ ಬದಲಾದದ್ದುಂಟು. ‘ಸ್ವಲ್ಪ ತಾಳಿ, ಪರೀಕ್ಷೆ ಮುಗಿಯಲಿ’ ಎಂಬ ಉತ್ತರ ಬಂದದ್ದುಂಟು. ನಿರ್ಧಾರದ ಕೆಳಗೆ ತನ್ನ ಹೆಸರು ಉಳಿಯುತ್ತದೆ ಎಂದು ಗೊತ್ತಾದರೆ ಮನುಷ್ಯ ಇನ್ನೊಮ್ಮೆ ಯೋಚಿಸುತ್ತಾನೆ. ಒಬ್ಬ ಎಂಜಿನಿಯರ್ ಒಂದು ಸಾಲಿನ ಮೇಲ್‌ನಿಂದ ಮಾಡಿಸಬಹುದಾದದ್ದನ್ನು ಒಂದು ದೇಶದ ಕಾನೂನು ಮಾಡಿಸಲಾರದೇ?